ಹತ್ತು ವರ್ಷದ ಹುಡುಗನ ಲೈಫ್ ಸೆಟ್ಲ್‌ಮೆಂಟು

ದೀಪಾವಳಿಗೆ ಊರಿಗೆ ಹೋಗಿದ್ದೆ. ಬಸ್ಸು ಚನ್ನರಾಯಪಟ್ಟಣ ದಾಟಿ, ಹೊಳೆನರಸೀಪುರದ ಮೇಲೆ ಅರಕಲಗೂಡು ಸೇರುವಷ್ಟರಲ್ಲಿ ನಾಲ್ಕೈದು ಕಡೆ ಒಂದೇ ತರದ ಫ್ಲೆಕ್ಸ್ ಕಂಡವು. ‘ನವೋದಯ, ಸೈನಿಕ, ಮೊರಾರ್ಜಿ ಕೋಚಿಂಗ್. ಹಾಸ್ಟೆಲ್ ಸೌಲಭ್ಯವಿದೆ.’ ಕೆಳಗೆ ಸಾಲಾಗಿ ಪುಟ್ಟ ಮಕ್ಕಳ ಪಾಸ್‌ಪೋರ್ಟ್ ಫೋಟೋಗಳು. ನೋಡಿ ನಕ್ಕು ಸುಮ್ಮನಾದೆ. ಅಕ್ಕನ ಮನೆ ತಲುಪಿದ ಮೇಲೆ ನಗು ನಿಂತುಹೋಯ್ತು.

ಅಕ್ಕನ ಮಗ ಈಗ ಐದನೇ ಕ್ಲಾಸು. ಬೆಳಿಗ್ಗೆ ಐದಕ್ಕೆ ಏಳಬೇಕು, ಸ್ಕೂಲು ಬಿಟ್ಟ ಮೇಲೆ ಕೋಚಿಂಗು, ಭಾನುವಾರ ಮಾಡೆಲ್ ಟೆಸ್ಟು. ಹಬ್ಬದ ದಿನವೂ ಓಎಂಆರ್ ಶೀಟಿನ ಮೇಲೆ ಗುಂಡಗೆ ಕಪ್ಪು ತುಂಬುತ್ತಾ ಕೂತಿದ್ದ. ‘ಇದೊಂದು ವರ್ಷ ಕಷ್ಟಪಟ್ರೆ ಲೈಫ್ ಸೆಟ್ಲ್ ಕಣೋ’ ಅಂದ್ರು ಭಾವ.

ಭಾವನ ಮಾತನ್ನು ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. ಹಾಸನ ಜಿಲ್ಲೆಯ ನವೋದಯ ಇರೋದು ಮಾವಿನಕೆರೆಯಲ್ಲಿ. ಆರರಿಂದ ಹನ್ನೆರಡನೇ ಕ್ಲಾಸಿನವರೆಗೆ ಊಟ, ವಸತಿ, ಯೂನಿಫಾರಂ, ಪುಸ್ತಕ ಎಲ್ಲ ಉಚಿತ. ಹೊಗೆಸೊಪ್ಪಿನ ರೇಟು ನಂಬಿಕೊಂಡು ಬದುಕೋ ಮನೆಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ಒಂದು ವಿಪರ್ಯಾಸ ನೋಡಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಇಂಥ ಶಾಲೆಗಳು ಬೇಕು ಅಂದಿದ್ದೇ, ದುಡ್ಡು ಕೊಡೋ ಶಕ್ತಿ ಇದ್ಯೋ ಇಲ್ವೋ ನೋಡದೆ ಪ್ರತಿಭೆ ಇರೋ ಮಕ್ಕಳಿಗೆ ಒಳ್ಳೇ ಶಿಕ್ಷಣ ಸಿಗಲಿ ಅಂತ. ಅದಕ್ಕೇ ಶೇ. 75ರಷ್ಟು ಸೀಟು ಹಳ್ಳಿ ಮಕ್ಕಳಿಗೆ. ಪರೀಕ್ಷೆಯ 80 ಪ್ರಶ್ನೆಗಳಲ್ಲಿ 40 ಬರೀ ಆಕೃತಿಗಳು. ಚಿತ್ರಕ್ಕೆ ಭಾಷೆಯ ಹಂಗಿಲ್ಲ, ಯಾವ ಊರಿನ ಮಗುವಾದ್ರೂ ಕಣ್ಣಲ್ಲಿ ನೋಡಿ ಯೋಚಿಸಬಹುದು. ಈಗ ಆ ಯೋಚನೆಗೂ ಶಾರ್ಟ್‌ಕಟ್ ಹೇಳಿಕೊಟ್ಟು ಫೀಸು ತಗೋತಾರೆ. ಅದೇ ಬೆಂಚಲ್ಲಿ ಕೂರೋ, ಫೀಸು ಕಟ್ಟಲಾಗದ ಕೂಲಿಯವರ ಮಗು ಪರೀಕ್ಷೆ ಶುರುವಾಗೋ ಮುಂಚೆಯೇ ಹಿಂದೆ ಬಿದ್ದಿರತ್ತೆ.

ಕಾಗದ ಮಡಚಿ ತೂತು ಮಾಡಿ ಬಿಡಿಸಿದರೆ ಹೇಗೆ ಕಾಣತ್ತೆ ಅನ್ನೋ ಒಂದು ಪ್ರಶ್ನೆ ಕೊಟ್ಟೆ. ಮೂರೇ ಸೆಕೆಂಡಿಗೆ ‘ಸಿ’ ಅಂದ. ಹೇಗೋ ಅಂದ್ರೆ ಟ್ರಿಕ್ ಒಪ್ಪಿಸಿದ. ಹಳೇ ಪೇಪರ್ ಮಡಚಿ, ಕತ್ತರಿಯಲ್ಲಿ ತೂತು ಮಾಡಿ ಅವನ ಕೈಗೇ ಕೊಟ್ಟೆ. ಬಿಡಿಸಿ ನೋಡಿ ‘ಮಾಮ, ನಿಜವಾಗ್ಲೂ ಹಂಗೇ ಬರ್ತದೆ!’ ಅಂತ ಕುಣಿದಾಡಿಬಿಟ್ಟ. ಅಷ್ಟು ದಿನದ ಕೋಚಿಂಗಲ್ಲಿ ಯಾರೂ ಒಂದು ಕಾಗದ ಮಡಚಿ ತೋರಿಸಿರಲಿಲ್ಲ.

ರಾತ್ರಿ ಮಲಗಿದ್ದಾಗ ಮೆಲ್ಲಗೆ ಕೇಳಿದ: ‘ಮಾಮ, ನಂಗೆ ಸೀಟ್ ಸಿಗ್ಲಿಲ್ಲ ಅಂದ್ರೆ ಅಪ್ಪ ಕಟ್ಟಿದ ದುಡ್ಡು ವಾಪಸ್ ಕೊಡ್ತಾರಾ?’

ನನಗೆ ಉತ್ತರ ಹೊಳೆಯಲಿಲ್ಲ... ನಾನೂ ಐದನೇ ಕ್ಲಾಸಲ್ಲಿ ಇದೇ ಪರೀಕ್ಷೆ ಬರೆದು ಸೆಲೆಕ್ಟ್ ಆಗದೆ ಉಳಿದವನು. ಮನೇಲಿ ಯಾರೂ ಬೈಲಿಲ್ಲ. ಆದ್ರೆ ಯಾರೂ ಏನೂ ಹೇಳಲೂ ಇಲ್ಲ. ‘ನಾನು ದಡ್ಡ’ ಅನ್ನೋದು ಪಿಯುಸಿ ತನಕ ಚುಚ್ತಾನೇ ಇತ್ತು. ಹಾಗಂತ ಕೋಚಿಂಗೇ ಪಾಪ ಅನ್ನೋಕೆ ನನಗೆ ಬಾಯಿಲ್ಲ, ಸಿಇಟಿಗೆ ನಾನೂ ಹೋದವನೇ. ಆಗ ನನಗೆ ಹದಿನೇಳು, ಇವನಿಗಿನ್ನೂ ಹತ್ತು.

ಪರೀಕ್ಷೆ ಬರೆಸಬೇಡಿ ಅಂತಿಲ್ಲ. ಖಂಡಿತ ಬರೆಸಿ. ಹಳೇ ಪ್ರಶ್ನೆಪತ್ರಿಕೆ ಇಟ್ಕೊಂಡು ದಿನಾ ಅರ್ಧ ಗಂಟೆ ಜೊತೆಗೆ ಕೂತ್ಕೊಳಿ. ನಿದ್ದೆ, ಆಟ ಕಿತ್ಕೊಂಡು ಕೋಚಿಂಗ್ ಹಾಸ್ಟೆಲಿಗೆ ಮಾತ್ರ ಹಾಕಬೇಡಿ. ಇಡೀ ಜಿಲ್ಲೆಗೆ ಇರೋದು ಹೆಚ್ಚೆಂದರೆ 80 ಸೀಟು. ಆರನೇ ಕ್ಲಾಸಿನ ಪರೀಕ್ಷೆ ಒಂದೇ ಸಲ ಬರೆಯೋಕಾಗೋದು ನಿಜ, ಆದರೆ ಖಾಲಿ ಉಳಿದ ಸೀಟುಗಳಿಗೆ ಒಂಬತ್ತನೇ ಕ್ಲಾಸಿಗೆ ಬೇರೆ ಪರೀಕ್ಷೆ ಇದೆ. ಸಿಗದಿದ್ರೆ ಪ್ರಪಂಚವೇನೂ ಮುಳುಗಲ್ಲ.

‘ಸಿಕ್ಕದಿದ್ರೂ ಪರವಾಗಿಲ್ಲ ಮಗಾ’ ಅನ್ನೋ ಮಾತನ್ನ ಪರೀಕ್ಷೆಗೆ ಮುಂಚೆಯೇ ಹೇಳಿಬಿಡಿ. ರಿಸಲ್ಟ್ ಬಂದ ಮೇಲೆ ಹೇಳಿದ್ರೆ ಅದು ಬರೀ ಸಮಾಧಾನ ಆಗತ್ತೆ, ಮಕ್ಕಳಿಗೆ ಅದು ಗೊತ್ತಾಗತ್ತೆ. ಭಾವನಿಗೆ ಇಷ್ಟನ್ನೇ ಹೇಳಿ ಬಂದಿದೀನಿ. ಏನೂ ಮಾತಾಡದೆ ಬಸ್ ಸ್ಟ್ಯಾಂಡ್ ತನಕ ಬಿಟ್ಟು ಹೋದ್ರು.

ನೀವೇನಂತೀರಾ?