ಗೋಡೆಗೂ ಕುಷ್ಠ ಬರುತ್ತಾ?

ಹಳೆಯ ಕನ್ನಡ ಬೈಬಲ್ಲಿನ ಯಾಜಕಕಾಂಡದ 13, 14ನೇ ಅಧ್ಯಾಯಗಳನ್ನು ಓದಿ ನೋಡಿ. ಅಲ್ಲಿ ಕುಷ್ಠ ಮನುಷ್ಯರಿಗಷ್ಟೇ ಅಲ್ಲ, ಉಣ್ಣೆ ಬಟ್ಟೆಗೂ, ತೊಗಲಿಗೂ, ಕೊನೆಗೆ ಮನೆಯ ಗೋಡೆಗೂ ಬರುತ್ತದೆ! ಗೋಡೆಯಲ್ಲಿ ಹಸಿರೋ ಕೆಂಪೋ ಮಚ್ಚೆ ಕಂಡರೆ ಯಾಜಕ ಏಳು ದಿನ ಮನೆ ಮುಚ್ಚಿಸುತ್ತಾನೆ. ನಮ್ಮ ಮಲೆನಾಡಿನವರು ಇದನ್ನು ಬೂಷ್ಟು ಅನ್ನುತ್ತಾರೆ, ಅಷ್ಟೇ :-)

ಹೀಬ್ರೂ ಮೂಲದಲ್ಲಿರುವ ಪದ ತ್ಸರಾಅತ್. ಅದು ಒಂದು ರೋಗದ ಹೆಸರೇ ಅಲ್ಲ ಅಂತ ನನಗನ್ನಿಸುತ್ತೆ. ಮೇಲ್ಮೈ ಕೆಡುವುದಕ್ಕೆಲ್ಲ ಇಟ್ಟ ಹೆಸರು; ಶುದ್ಧವೋ ಅಶುದ್ಧವೋ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ತಲೆಯಿಂದ ಕಾಲಿನವರೆಗೆ ಪೂರ್ತಿ ಬೆಳ್ಳಗಾದವನನ್ನು ಯಾಜಕ ಶುದ್ಧ ಅಂತಲೇ ಸಾರುತ್ತಾನೆ! ಇಂದು ನಾವು ಕುಷ್ಠ ಅನ್ನುವ ರೋಗದ ಮುಖ್ಯ ಗುರುತು ಸ್ಪರ್ಶಜ್ಞಾನ ಹೋಗುವುದು. ಈ ಅಧ್ಯಾಯಗಳಲ್ಲಿ ಅದರ ಸುದ್ದಿಯೇ ಇಲ್ಲ.

ಗೋಜಲು ಶುರುವಾದದ್ದು ಗ್ರೀಕ್ ಅನುವಾದದಿಂದ. ಅವರು ಬಳಸಿದ ಪದ 'ಲೆಪ್ರಾ', ಅಂದರೆ ಹೊಪ್ಪಳೆ ಏಳುವ ಚರ್ಮರೋಗ. ನಿಜವಾದ ಕುಷ್ಠಕ್ಕೆ ಗ್ರೀಕ್ ವೈದ್ಯರ ಹೆಸರು ಬೇರೆಯೇ ಇತ್ತು, 'ಎಲಿಫಾಂಟಿಯಾಸಿಸ್'. ಮಧ್ಯಯುಗದ ಹೊತ್ತಿಗೆ ಲೆಪ್ರಾ ಎಂಬ ಹೆಸರು ಈ ಇನ್ನೊಂದು ರೋಗಕ್ಕೆ ಅಂಟಿಕೊಂಡಿತು. ಅದರ ಜೊತೆಗೆ 'ಪಾಳೆಯದ ಹೊರಗೆ ಒಂಟಿಯಾಗಿರಲಿ' ಎಂಬ ಯಾಜಕಕಾಂಡದ ವಿಧಿಯೂ ಆ ರೋಗಿಗಳ ತಲೆಗೆ ಬಂತು. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ರೋಗಾಣುವನ್ನು ಗುರುತಿಸಿದ ಮೇಲೂ ಕಳಂಕ ಹೋಗಲಿಲ್ಲ.

ಹಾಗಂತ ಕನ್ನಡಕ್ಕೆ ತಂದವರನ್ನು ಬೈಯುವಂತಿಲ್ಲ. ಆಯುರ್ವೇದದಲ್ಲಿ ಕುಷ್ಠ ಅಂದರೆ 18 ಬಗೆಯ ಚರ್ಮರೋಗಗಳು: 7 ಮಹಾಕುಷ್ಠ, 11 ಕ್ಷುದ್ರಕುಷ್ಠ. ಆ ಲೆಕ್ಕದಲ್ಲಿ ತ್ಸರಾಅತ್‌ಗೆ ಇದಕ್ಕಿಂತ ಹತ್ತಿರದ ಪದ ಸಿಗುವುದು ಕಷ್ಟ. ಆದರೆ ಇಂದು ಕನ್ನಡದಲ್ಲಿ ಕುಷ್ಠ ಅಂದರೆ ಕೇಳುವವರಿಗೆ ಹೊಳೆಯುವುದು ಒಂದೇ ರೋಗ. ವೇರಿಯಬಲ್ ಹೆಸರು ಅದೇ, ಒಳಗಿನ ಬೆಲೆ ಬದಲಾಗಿದೆ. ನಮ್ಮ ಪ್ರೋಗ್ರಾಂಗಳಲ್ಲಿ ಇಂಥದ್ದು ಕಂಡರೆ ಹೆಸರು ಬದಲಿಸುತ್ತೇವೆ, ಅಲ್ವಾ?

ಇದು ಬರೀ ಪದದ ಜಗಳವಲ್ಲ. ಕುಷ್ಠಕ್ಕೆ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಆರು ತಿಂಗಳಿಂದ ಒಂದು ವರ್ಷ ಮಾತ್ರೆ ನುಂಗಿದರೆ ವಾಸಿ. ಆದರೂ ನಮ್ಮ ದೇಶದಲ್ಲಿ ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಅದನ್ನು ತೆಗೆಯಲು 2019ರವರೆಗೆ ಕಾಯಬೇಕಾಯಿತು. ವಾಸಿಯಾದ ಒಬ್ಬ ಅಜ್ಜಿ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ತನ್ನ ರೋಗದ ಹೆಸರಿನ ಜೊತೆಗೇ 'ಅಶುದ್ಧ' ಎಂಬ ಮಾತನ್ನೂ ಕೇಳಿಸಿಕೊಳ್ಳುತ್ತಾಳೆ ಅಂದುಕೊಳ್ಳಿ. ಮೂರು ಸಾವಿರ ಮೈಲಿ ಆಚೆಯ ಯಾಜಕ ಆಕೆಯ ಬಗ್ಗೆ ಏನನ್ನೂ ಹೇಳಿರಲಿಲ್ಲ.

ಗೋಡೆಗೆ, ಬಟ್ಟೆಗೆ 'ಬೂಷ್ಟು', ಮೈಗೆ 'ಚರ್ಮದ ಮಚ್ಚೆ' ಅಂತ ಬರೆದರೆ ನನ್ನ ಪ್ರಕಾರ ಸಾಕು. ನಿಮಗೆ ಇನ್ನೂ ಒಳ್ಳೆಯ ಪದ ಹೊಳೆದರೆ ಹೇಳಿ.