ಮೂರೆಳೆಯ ಹುರಿ ಮತ್ತು ಸೋದರಸಂಬಂಧ

ಚನ್ನರಾಯಪಟ್ಟಣದ ಕಡೆಯ ವಿದ್ಯಾರ್ಥಿಗಳು ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ಕಂಡಿರಬಹುದು. ನಮ್ಮ ಮೂಳೆ, ಚರ್ಮಗಳಿಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನೂ ಅಂಥದೇ ಮೂರೆಳೆಯ ಹುರಿ. ಈ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಸೂಚಿಸಿದರು. ಪ್ರತಿ ಎಳೆಯಲ್ಲಿಯೂ ಸಾವಿರಕ್ಕೆ ಮಿಕ್ಕಿದ ಅಮೈನೋ ಆಮ್ಲಗಳಿದ್ದು, ಮೂರಕ್ಕೊಂದು ಗ್ಲೈಸೀನ್ ಆಗಿರಲೇಬೇಕು. ಹುರಿಯ ಒಳಗಿನ ಇಕ್ಕಟ್ಟಿನಲ್ಲಿ ಅದಕ್ಕಿಂತ ದೊಡ್ಡದಕ್ಕೆ ಎಡೆಯಿಲ್ಲ. ಒಂದು ಗ್ಲೈಸೀನಿನ ಸ್ಥಾನದಲ್ಲಿ ಬೇರೊಂದು ಬಂದು ಕುಳಿತರೂ ಹೊಸೆತ ಅಲ್ಲಿ ತಡವರಿಸುತ್ತದೆ. ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ರೋಗದ ಉಗ್ರ ರೂಪಗಳಿಗೆ ಬಹುಮಟ್ಟಿಗೆ ಇದೇ ಮೂಲ.

ವಿಚಿತ್ರವೆಂದರೆ, ಇಲ್ಲಿ ಕೆಟ್ಟ ಎಳೆಗಿಂತ ಇಲ್ಲದ ಎಳೆಯೇ ಲೇಸು. ತಂದೆತಾಯಿಯರಿಂದ ಬಂದ ಎರಡು ಜೀನ್‌ಗಳಲ್ಲಿ ಒಂದು ಸುಮ್ಮನಾದರೆ ಹುರಿಯ ಪ್ರಮಾಣ ಅರ್ಧಕ್ಕಿಳಿದೀತು. ಇದ್ದಷ್ಟು ಗಟ್ಟಿಯಾಗಿಯೇ ಇರುತ್ತದೆ. ಅದೇ ಜೀನು ಕೆಟ್ಟ ಎಳೆಯನ್ನು ತಯಾರಿಸುತ್ತಿದ್ದರೆ? ಮೂಳೆಯ ಹುರಿಯ ಮೂರೆಳೆಗಳಲ್ಲಿ ಎರಡು ಒಂದೇ ಜಾತಿಯವು. ಆ ಜಾತಿಯ ಎಳೆ ಕೆಟ್ಟರೆ ನಾಲ್ಕರಲ್ಲಿ ಮೂರು ಹುರಿಗಳಿಗೆ ಒಂದಾದರೂ ಕೆಟ್ಟದ್ದು ಸೇರುತ್ತದೆ. ವಾಚಕರು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು.

ಹಾಸನ, ಹೊಳೆನರಸೀಪುರ, ಅರಕಲಗೂಡು ಸೀಮೆಗಳಿಗೆ ಸೋದರಸಂಬಂಧದ ಮದುವೆ ಹೊಸತಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ತಾಯಂದಿರನ್ನು ವಿಚಾರಿಸಿದಾಗಲೂ ಸುಮಾರು ಮೂರರಲ್ಲೊಂದು ಮದುವೆ ನಂಟಿನೊಳಗಿನದೆಂದು ಕಂಡುಬಂದಿತ್ತು. ಮೂಳೆ ಮುರಿಯುವ ಮಗು ಹುಟ್ಟಿತೆಂದರೆ ದೂರು ಕೂಡಲೇ ತಾಯಿಯ ಮೇಲೆ, ಇಲ್ಲವೇ ಆ ಮದುವೆಯ ಮೇಲೆ. ಈ ತೀರ್ಪು ಅವಸರದ್ದು. ಗ್ಲೈಸೀನಿನ ಪಲ್ಲಟ ಎಷ್ಟೋ ವೇಳೆ ಆ ಮಗುವಿನಲ್ಲೇ ಹೊಸದಾಗಿ ತಲೆದೋರುವಂಥದು. ಅದಕ್ಕೂ ನಂಟಿಗೂ ಸಂಬಂಧವಿಲ್ಲ.

ಹಾಗೆಂದು ನಂಟಿನ ಮದುವೆಯನ್ನು ನಿರ್ದೋಷಿಯೆನ್ನುವಂತೆಯೂ ಇಲ್ಲ. ಎಳೆಗಳು ಸರಿಯಿದ್ದರೂ, ಅವನ್ನು ಹೊಸೆಯಲು ನೆರವಾಗುವ ಎಚ್‌ಎಸ್‌ಪಿ 47ರಂಥ ಪ್ರೋಟೀನುಗಳು ಕೆಟ್ಟರೆ ಮೂಳೆ ಪೆಡಸಾಗುತ್ತದೆ. ಈ ಬಗೆ ಕಾಣಿಸಿಕೊಳ್ಳಲು ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬರಬೇಕು. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ 8ರಲ್ಲಿ 1.

ಮುಂದಿನ ಮಗುವಿನ ಗತಿ ಈ ಭೇದವನ್ನೇ ಅವಲಂಬಿಸಿದೆ. ಹೊಸದಾಗಿ ಹುಟ್ಟಿದ ಪಲ್ಲಟವಾದರೆ ರೋಗ ಮರುಕಳಿಸುವುದು ವಿರಳ. ಎರಡನೆಯ ಬಗೆಯಾದರೆ ಪ್ರತಿ ಬಸಿರಿಗೂ 4ರಲ್ಲಿ 1ರ ಸಂಭವ. ಹೊರನೋಟದಿಂದ ಇವನ್ನು ಬೇರ್ಪಡಿಸುವುದು ವೈದ್ಯರಿಗೂ ಕಷ್ಟ. ರಕ್ತದ ಜೀನ್ ಪರೀಕ್ಷೆಯೇ ಹೇಳಬೇಕು. ರಕ್ತದ ಸೀಸೆ ಬೆಂಗಳೂರಿಗೆ ಹೋಗಲಿ. ಕಾಲಿಗೆ ಪಟ್ಟಿ ಕಟ್ಟಿದ ಮಗುವನ್ನೆತ್ತಿಕೊಂಡು ತಾಯಿಯೇಕೆ ಹೋಗಬೇಕು? ಫಲಿತಾಂಶವನ್ನು ಅವಳಿಗೆ ತಿಳಿಯುವ ಮಾತಿನಲ್ಲಿ ಬಿಡಿಸಿ ಹೇಳಬಲ್ಲ ಒಬ್ಬರು, ತಿಂಗಳಿಗೊಂದು ದಿನವಾದರೂ, ತಾಲ್ಲೂಕು ಆಸ್ಪತ್ರೆಗಳಿಗೆ ಬರುವಂತಾಗಬೇಕೆಂಬುದು ನನ್ನ ಅಭಿಪ್ರಾಯ.