ಮನೆಯಲ್ಲಿ ಬರೆದ ಡಿವಿಡಿ ಓಡದಿದ್ದರೆ

ಚಿಂಚವಡದ ಓದುಗರೊಬ್ಬರ ಪ್ರಶ್ನೆ ಇದು. 2007ರಲ್ಲಿ ಧಾರವಾಡದಲ್ಲಿ ನಡೆದ ಅವರ ತಂದೆಯ ಷಷ್ಟ್ಯಬ್ದಿಯನ್ನು ಅಣ್ಣ ಡಿವಿಡಿಗೆ ಬರೆದುಕೊಟ್ಟಿದ್ದರಂತೆ. ತಂದೆ ಈಗಿಲ್ಲ. ಅವರ ದನಿ ಉಳಿದಿರುವುದು ಅದೊಂದರಲ್ಲೇ. ಹೊಸ ಲ್ಯಾಪ್‌ಟಾಪಿಗೆ ಹೊರಗಿನ ಡ್ರೈವ್ ಜೋಡಿಸಿ ಹಾಕಿದರೆ ಏನೂ ಬರುತ್ತಿಲ್ಲ. ಡಿಸ್ಕ್ ಹೋಯಿತೇ?

ಇಷ್ಟಕ್ಕೇ ಆಸೆ ಬಿಡಬೇಡಿ. ಬಹಳ ಸಲ ದೋಷ ಡಿಸ್ಕಿನದಲ್ಲ. ವಿಂಡೋಸ್ 8ರಿಂದೀಚೆಗೆ ಮೈಕ್ರೋಸಾಫ್ಟ್ ತನ್ನ ಮೀಡಿಯಾ ಪ್ಲೇಯರಿನಿಂದ ಡಿವಿಡಿ ನೋಡುವ ಸೌಕರ್ಯವನ್ನೇ ತೆಗೆದುಹಾಕಿದೆ. ಪುಕ್ಕಟೆಯಾಗಿ ಸಿಗುವ ವಿಎಲ್‌ಸಿ ಹಾಕಿಕೊಳ್ಳಿ. ಅದರ ಮೀಡಿಯಾ ಮೆನುವಿನಲ್ಲಿ ‘ಓಪನ್ ಡಿಸ್ಕ್’ ಒತ್ತಿ, ಡಿವಿಡಿ ಎಂಬುದನ್ನು ಆರಿಸಿ. ಮೊದಲ ಪರದೆಯಲ್ಲೇ ನಿಂತುಬಿಟ್ಟರೆ ‘ನೋ ಡಿಸ್ಕ್ ಮೆನೂಸ್’ಗೆ ಗುರುತು ಹಾಕಿ ಮತ್ತೆ ಓಡಿಸಿ.

ಆಗಲೂ ಬರಲಿಲ್ಲವೇ? ಡಿಸ್ಕನ್ನು ತೆರೆದು ಒಳಗೇನಿದೆ ನೋಡಿ. ‘ವಿಡಿಯೊ ಟಿಎಸ್’ ಎಂಬ ಫೋಲ್ಡರ್ ಇದ್ದರೆ ಅದರಲ್ಲಿರುವ ದೊಡ್ಡ ವಿಒಬಿ ಫೈಲುಗಳೇ ನಿಮ್ಮ ಸಮಾರಂಭ; ಒಂದನ್ನು ಎಳೆದು ವಿಎಲ್‌ಸಿ ಮೇಲೆ ಬಿಡಿ. ‘ಎಂಪೆಗ್ ಎವಿ’ ಎಂದಿದ್ದರೆ ಅದು ಡಿವಿಡಿಯಲ್ಲ, ಹಳೆಯ ವಿಸಿಡಿ. ಒಳಗಿನ ಡಿಎಟಿ ಫೈಲನ್ನು ಓಡಿಸಿ. ಡಿಸ್ಕ್ ಪೂರ್ತಿ ಖಾಲಿ ಎಂದು ತೋರಿಸಿದರೆ, ಮತ್ತು ಅದು ಡಿವಿಡಿ ಕ್ಯಾಮೆರಾದಲ್ಲೋ ಟಿವಿ ರೆಕಾರ್ಡರಿನಲ್ಲೋ ಬರೆದದ್ದಾದರೆ, ಕೊನೆಗೆ ‘ಫೈನಲೈಸ್’ ಮಾಡದೆ ಬಿಟ್ಟಿರಬಹುದು. ಆ ಯಂತ್ರ ಅಟ್ಟದ ಮೇಲಿದ್ದರೆ ಇಳಿಸಿ, ಅದರಲ್ಲೇ ಆ ಕೆಲಸ ಮುಗಿಸಬಹುದು.

ಡ್ರೈವ್ ಗರಗರ ಎಂದು ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಅದಕ್ಕೆ ವಿದ್ಯುತ್ ಸಾಲುತ್ತಿಲ್ಲದಿರಬಹುದು. ಯುಎಸ್‌ಬಿ ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೇ ಚುಚ್ಚಿ. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ತಟ್ಟೆ ಒರೆಸಿದಂತೆ ಸುತ್ತ ಬೇಡ. ಮೇಲೆ ಅಂಟಿಸಿದ ಗಣಪತಿ ಸ್ಟಿಕರ್ ಅರ್ಧ ಎದ್ದಿದ್ದರೂ ಕೀಳಲು ಹೋಗಬೇಡಿ. ವಿಸಿಡಿಯಲ್ಲಂತೂ ಚಿತ್ರದ ಪದರ ಲೇಬಲ್ಲಿನ ಕೆಳಗೇ ಇರುತ್ತದೆ, ಸ್ಟಿಕರಿನ ಜೊತೆ ಅದೂ ಎದ್ದು ಬಂದೀತು. ಇನ್ನೊಂದು ಡ್ರೈವಿನಲ್ಲೂ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು. ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ವಿಚಾರಿಸಿದರೆ ಡ್ರೈವ್ ಸಿಕ್ಕೀತು.

ಒಮ್ಮೆ ಓಡಿತೆಂದರೆ ಕೂತು ನೋಡಬೇಡಿ, ಮೊದಲು ನಕಲು ಮಾಡಿ. ಅಂಗಡಿಯ ಸಿನಿಮಾ ಡಿಸ್ಕಿನಲ್ಲಿ ಗುಳಿಗಳು ಅಚ್ಚಾಗಿರುತ್ತವೆ. ಮನೆಯಲ್ಲಿ ಬರೆದದ್ದರಲ್ಲಿ ತೆಳುವಾದ ಬಣ್ಣದ ಪದರವನ್ನು ಲೇಸರ್ ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲಿಗೆ, ಸೆಕೆಗೆ ಆ ಬಣ್ಣ ಮಾಸುತ್ತದೆ. ನಮ್ಮ ಪುಣೆಯಲ್ಲೇ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಆದರೂ ಪಕ್ಕದ ಕೊಲ್ಹಾಪುರದಲ್ಲಿ ಚಿತ್ರೀಕರಣವಾಗಿ 1934ರಲ್ಲಿ ತೆರೆಕಂಡ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಇಂದು ನೋಡಲು ಸಿಗುವುದಿಲ್ಲ. ಅಂಗಳದ ಷಷ್ಟ್ಯಬ್ದಿಯನ್ನು ಯಾವ ಸಂಗ್ರಹಾಲಯ ಕಾಯ್ದೀತು?

ಸಾಮಾನ್ಯ ಡಿವಿಡಿಯಲ್ಲಿ ಹಿಡಿಸುವುದು 4.7 ಜಿಬಿ, 8 ಜಿಬಿ ಪೆನ್‌ಡ್ರೈವ್ ಧಾರಾಳ ಸಾಕು. ‘ವಿಡಿಯೊ ಟಿಎಸ್’ ಫೋಲ್ಡರನ್ನು ಇಡಿಯಾಗಿ ಎಳೆದುಹಾಕಿ. ಇನ್ನೊಂದು ಪ್ರತಿ ಧಾರವಾಡದ ಅಣ್ಣನ ಹತ್ತಿರ ಇರಲಿ. ನಕಲು ಅರ್ಧಕ್ಕೆ ನಿಂತರೆ, ಲಿನಕ್ಸ್ ಬಲ್ಲ ಪರಿಚಯದ ಹುಡುಗರನ್ನು ಹಿಡಿದು ‘ಡಿಡಿರೆಸ್ಕ್ಯೂ’ ಓಡಿಸಲು ಹೇಳಿ. ಅದು ಓದಲಾಗದ ಕಡೆ ಬಿಟ್ಟು ಮುಂದೆ ಸಾಗಿ, ಕೊನೆಗೆ ಬಿಟ್ಟಲ್ಲಿಗೆ ಮರಳಿ ಮತ್ತೆ ಪ್ರಯತ್ನಿಸುತ್ತದೆ. ಕೆಲವೊಮ್ಮೆ ರಾತ್ರಿಯಿಡೀ ಹಿಡಿಯುತ್ತದೆ. ನಡುವೆ ಚಿತ್ರ ಒಂದೆರಡು ಕಡೆ ಕದಡಿದರೂ ಮಾತು ಕೇಳಿಸೀತು.